ವಾಚ್ರು ಮನೆಯ ಎರಡಾಳು

ಕಳೆದ ಶ್ರಾವಣದಲ್ಲಿ ಕುಶಾಲನಗರದಿಂದ ಶಿರಂಗಾಲದ ಬಸ್ಸು ಹತ್ತಿದ್ದೆ. ಅಣ್ಣನ ಮೊಮ್ಮಗಳು ಹೊಸ ಮನೆ ಕಟ್ಟಿಸಿದ್ದಳು, ಅದರ ಗೃಹಪ್ರವೇಶ. ಹೆಬ್ಬಾಲೆ ದಾಟುತ್ತಿದ್ದ ಹಾಗೆ ಕಿಟಕಿಯಿಂದ ಆ ವಾಸನೆ ಒಳಗೆ ನುಗ್ಗಿತು. ಹಸಿ ಹೊಗೆಸೊಪ್ಪು ಬೇಯುವಾಗ ಬರುವ ವಾಸನೆ ಅದು. ಮೊದಲು ಹುಲ್ಲು ಕೊಯ್ದ ಹಾಗೆ ಇರುತ್ತದೆ, ಆಮೇಲೆ ಬೆಲ್ಲ ಕಾಯಿಸಿದ ಹಾಗೆ, ಕೊನೆಗೆ ಗಂಟಲು ಹಿಡಿಯುವ ಘಾಟು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಥೂ, ಏನ್ ನಾತ ಮಾರಾಯ್ರೆ! ಕಿಟಕಿ ಹಾಕಿ" ಅಂದಳು. ನಾನು ಇನ್ನಷ್ಟು ತೆಗೆದೆ. ಅವಳು ಕೆಕ್ಕರಿಸಿಕೊಂಡು ನೋಡಿದಳು. ನೋಡಲಿ. ನನ್ನನ್ನು ಹಾಗೆ ನೋಡಿದವರು ಒಬ್ಬರೇ ಇಬ್ಬರೇ? ಎಂಬತ್ತು ದಾಟಿದ ಮೇಲೆ ಅವಳೊಬ್ಬಳ ನೋಟಕ್ಕೆ ಹೆದರಿ ಕಿಟಕಿ ಮುಚ್ಚುತ್ತೇನೆಯೆ?

ಕಂಡಕ್ಟರನಿಗೆ ಕೂಗಿ ಹೇಳಿ ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ. ಗೃಹಪ್ರವೇಶದ ಊಟ ಮಧ್ಯಾಹ್ನಕ್ಕೆ ತಾನೇ. ವಾಸನೆ ಹಿಡಿದುಕೊಂಡು ಹೊಲದ ಬದುವಿನ ಮೇಲೆ ಕೋಲೂರಿಕೊಂಡು ನಡೆದೆ. ನಡೆಯುತ್ತಾ ನನಗೆ ಹತ್ತೊಂಬತ್ತಾಗಿದ್ದ ಆ ವರ್ಷ ನೆನಪಾಯಿತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗ ಆರೇಳು ವರ್ಷವಾಗಿತ್ತು. ನಾವು ಅದಕ್ಕೂ ಮೊದಲೇ ಬಂದವರು. ನಾನು ಆರು ವರ್ಷದವಳಿದ್ದಾಗ ಅಪ್ಪಯ್ಯ ಅರಕಲಗೂಡಿನ ಕಡೆಯ ಹಳ್ಳಿಯಿಂದ ಒಂದು ಬೀಸುಕಲ್ಲು, ಎರಡು ಮೂಟೆ ರಾಗಿ, ಅವ್ವ, ಅಣ್ಣ, ನಾನು, ಎಲ್ಲವನ್ನೂ ಎಲ್ಲರನ್ನೂ ಒಂದೇ ಗಾಡಿಗೆ ಹೇರಿಕೊಂಡು ಗಡಿಯ ಗೇಟು ದಾಟಿದ್ದರು. ತಾತನಿಗೆ ಇದು ಸುತರಾಂ ಇಷ್ಟವಿರಲಿಲ್ಲ. "ಊರು ಬಿಟ್ರೆ ನೀನು ನನ್ನ ಪಾಲಿಗೆ ಸತ್ತಂಗೆ ಕಣೋ" ಅಂದಿದ್ದರಂತೆ. ಅಪ್ಪಯ್ಯ ಮಾತ್ರ ಸತ್ತವರ ಹಾಗೇನೂ ಇರಲಿಲ್ಲ. ಕಾಡು ಸವರಿ ನಾಲ್ಕೆಕರೆ ಹೊಲ ಮಾಡಿದರು, ಹೊಗೆಸೊಪ್ಪು ಹಾಕಿದರು, ಊರಿನ ಹಾಸನದವರಲ್ಲಿ ಮೊದಲನೇ ಬ್ಯಾರನ್ ಕಟ್ಟಿಸಿದರು.

ಬ್ಯಾರನ್ ಅಂದರೆ ಸೊಪ್ಪು ಬೇಯಿಸುವ ಎತ್ತರದ ಮಣ್ಣಿನ ಮನೆ. ನೆಲದ ಮೇಲೆ ಸುತ್ತಲೂ ತಗಡಿನ ಕೊಳವೆ, ಹೊರಗಿನ ಒಲೆಯ ಬೆಂಕಿ ಅದನ್ನು ಕಾಯಿಸುತ್ತದೆ. ಮೇಲೆ ಅಂತಸ್ತು ಅಂತಸ್ತಾಗಿ ಗಳ ಹಾಕಿರುತ್ತಾರೆ, ಸೊಪ್ಪು ಕಟ್ಟಿದ ಕಡ್ಡಿಗಳನ್ನು ಅದರ ಮೇಲೆ ನೇತು ಹಾಕುವುದು.

ಅಪ್ಪಯ್ಯನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು, "ನಾವು ಬಂದೋರು". ಜೋರಾಗಿ ನಕ್ಕರೆ ನಾವು ಬಂದೋರು. ತಲೆಗೆ ಸೆರಗಿಲ್ಲದೆ ಬಾವಿಗೆ ಹೋದರೆ ನಾವು ಬಂದೋರು. ಕೊಡಗಿನ ಜನ ನೋಡುತ್ತಾರಂತೆ, ಹಾಸನದವರ ಮಾನ ಹೋಗುತ್ತದಂತೆ. ಕೊಡಗಿನ ಜನಕ್ಕೆ ಮಾಡಲು ಬೇರೆ ಕೆಲಸವಿಲ್ಲವೇ ಅಂತ ನಾನೊಮ್ಮೆ ಕೇಳಿ ಬೈಸಿಕೊಂಡಿದ್ದೆ. ಬಿಟ್ಟು ಬಂದ ಊರಿನ ಒಂದೊಂದು ಶಾಸ್ತ್ರವನ್ನೂ ಅಪ್ಪಯ್ಯ ಚಾಚೂ ತಪ್ಪದೆ ನಡೆಸುತ್ತಿದ್ದರು. ಆ ಊರಿನವರೇ ಅವನ್ನೆಲ್ಲ ಯಾವತ್ತೋ ಬಿಟ್ಟಿದ್ದರು ಅನ್ನುವುದು ನಮಗೆ ಗೊತ್ತಾದದ್ದು ಆಮೇಲೆ.

ಪೂವಿ ಇದ್ದದ್ದು ಊರಿನ ಕಡೇ ಮನೆಯಲ್ಲಿ. ಪೂವಮ್ಮ ಅಂತ ಹೆಸರು. ಅವಳಪ್ಪ ಭಾಗಮಂಡಲದ ಕಡೆಯವರು, ಮರದ ಡಿಪೋದಲ್ಲಿ ವಾಚರ್ ಆಗಿದ್ದರು. ಒಂದೆಕರೆ ಹೊಲ ಕೊಂಡು ಹುಲ್ಲಿನ ಮನೆ ಕಟ್ಟಿ, ಹಿಂದಿನ ವರ್ಷ ಜ್ವರ ಬಂದು ತೀರಿಹೋದರು. ತಾಯಿ ಮೊದಲೇ ಇರಲಿಲ್ಲ. ನೆಂಟರು ಬಂದು ಕರೆದರೂ ಪೂವಿ ಹೋಗಲಿಲ್ಲ. "ನನ್ನ ಹೊಲ ಇಲ್ಲಿ ಉಟ್ಟು, ನಾನ್ ಎಂತಕೆ ಬರಲಿ?" ಅಂದಳಂತೆ. ಅವರದು ಅರೆಭಾಷೆ. ಉಂಟು ಅನ್ನುವುದಕ್ಕೆ ಉಟ್ಟು, ಇಲ್ಲ ಅನ್ನುವುದಕ್ಕೆ ಇಲ್ಲೆ. ನಮ್ಮ ಜೊತೆ ನಮ್ಮ ಥರವೇ ಮಾತಾಡುತ್ತಿದ್ದಳು, ಆದರೆ ಆ ಎರಡು ಪದ ಮಾತ್ರ ಅವಳ ಬಾಯಿಂದ ಹೋಗಲೇ ಇಲ್ಲ. ಊರವರು ಆ ಮನೆಗೆ ವಾಚ್ರು ಮನೆ ಅನ್ನುತ್ತಿದ್ದರು.

ಸೊಪ್ಪು ಕಟ್ಟುವುದು ಜೋಡಿ ಕೆಲಸ. ಒಬ್ಬಳು ಮೂರು ಮೂರು ಎಲೆ ತೊಟ್ಟು ಸಮ ಮಾಡಿ ಕೊಡಬೇಕು, ಇನ್ನೊಬ್ಬಳು ಅದನ್ನು ದಾರದಲ್ಲಿ ಕಡ್ಡಿಗೆ ಬಿಗಿಯಬೇಕು, ಒಂದು ಎಡಕ್ಕೆ ಒಂದು ಬಲಕ್ಕೆ. ಕೊಡುವ ಕೈಯೂ ಕಟ್ಟುವ ಕೈಯೂ ಒಂದೇ ಓಟದಲ್ಲಿ ಓಡದಿದ್ದರೆ ಕೆಲಸ ಸಾಗುವುದಿಲ್ಲ. ನಾನು ಕೊಡುವವಳು, ಪೂವಿ ಕಟ್ಟುವವಳು. ಅವಳ ಗಂಟು ಸೊಪ್ಪು ಬೆಂದು ತೊಟ್ಟು ಸಣ್ಣಗಾದರೂ ಸಡಿಲವಾಗುತ್ತಿರಲಿಲ್ಲ. ಬೇರೆಯವರ ಕಡ್ಡಿಯಿಂದ ಎಲೆ ಜಾರಿ ಕಾದ ಕೊಳವೆಯ ಮೇಲೆ ಬೀಳುವುದಿತ್ತು. ಹಾಗೆ ಒಂದು ಎಲೆ ಬಿದ್ದು ಹೊತ್ತಿಕೊಂಡರೆ ಬ್ಯಾರನ್ನೇ ಹೋಯಿತು. ಹಾಗಾಗಿ ನಮ್ಮ ಜೋಡಿ ಅಂದರೆ ಊರಿಗೇ ಹೆಸರು.

ಹಸಿ ಸೊಪ್ಪಿನ ಅಂಟು ಕೊಡುವವಳ ಕೈಗೇ ಹೆಚ್ಚು. ಮಧ್ಯಾಹ್ನದ ಹೊತ್ತಿಗೆ ನನ್ನ ಅಂಗೈ ಕಪ್ಪಗೆ ಟಾರು ಬಳಿದ ಹಾಗೆ ಆಗಿರುತ್ತಿತ್ತು. ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗದು. ಆ ಕೈಯಲ್ಲಿ ಮುರಿದ ಮುದ್ದೆ ವಿಷದ ಹಾಗೆ ಕಹಿ, ತಿಂದರೆ ತಲೆಸುತ್ತು. ಅದಕ್ಕೆ ಪೂವಿ ತನ್ನ ಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ ನನ್ನ ಬಾಯಿಗೆ ಇಡುತ್ತಿದ್ದಳು. ನನಗೊಂದು ತುತ್ತು, ಅವಳಿಗೊಂದು ತುತ್ತು. ಎಲ್ಲರ ಎದುರಿಗೇ ನಡೆಯುತ್ತಿತ್ತು. ಯಾರೂ ಏನೂ ಅಂದುಕೊಳ್ಳುತ್ತಿರಲಿಲ್ಲ.

ಅಂದುಕೊಳ್ಳುವ ಹಾಗೆ ಆದದ್ದು ಆ ವರ್ಷದ ಆಷಾಢದಲ್ಲಿ. ಮೊದಲ ಸೊಪ್ಪು ಏರಿಸುವ ಮೊದಲು ಬ್ಯಾರನ್ ಒಳಗೆ ಗುಡಿಸಲು ಅವ್ವ ನಮ್ಮಿಬ್ಬರನ್ನು ಕಳಿಸಿದ್ದಳು. ಹೊರಗೆ ಹಗಲಿನ ಮಳೆ, ಒಳಗೆ ಬಾಗಿಲಿನಷ್ಟೇ ಬೆಳಕು. ಹಳೆಯ ಧೂಳಿಗೆ ನನಗೆ ಸೀನು ಬಂದು ನಿಲ್ಲಲೇ ಇಲ್ಲ. ಪೂವಿ ನಗುತ್ತಾ ತನ್ನ ಸೆರಗಿನಿಂದ ನನ್ನ ಮುಖ ಒರೆಸಿದಳು. ಒರೆಸಿದ ಮೇಲೆ ಕೈ ತೆಗೆಯಲಿಲ್ಲ. ನಾನೇ ಅವಳಿಗೆ ಮುತ್ತು ಕೊಟ್ಟೆ. ಅವಳು ಕೊಟ್ಟಳು, ನಾನಲ್ಲ ಅಂತ ಹೇಳಿ ಇವತ್ತು ತಪ್ಪಿಸಿಕೊಳ್ಳುವುದಿಲ್ಲ. ಅವಳ ತುಟಿಯೂ ಹೊಗೆಸೊಪ್ಪಿನ ಕಹಿ. ನನಗೆ ಭೂಮಿ ತಿರುಗಿದ ಹಾಗಾಯಿತು. ಹೆದರಿಕೆಯೂ ಆಯಿತು, ಆದರೆ ಖುಷಿ ಅದಕ್ಕಿಂತ ದೊಡ್ಡದಿತ್ತು. ಮದುವೆಯಾದ ಗೆಳತಿಯರು ಗಂಡನ ಮಾತು ಬಂದಾಗ ಯಾಕೆ ಕೆಂಪಾಗುತ್ತಾರೆ ಅಂತ ಅವತ್ತು ನನಗೆ ಅರ್ಥವಾಯಿತು.

ಅಷ್ಟರಲ್ಲೇ ಅಪ್ಪಯ್ಯ ನನಗೆ ಗಂಡು ಗೊತ್ತು ಮಾಡಿದರು. ಅರಕಲಗೂಡಿನ ಕಡೆಯ ಹುಡುಗ, ಬಿಟ್ಟು ಬಂದ ಊರಿನ ಸಂಬಂಧ. ಆ ಊರಿನವರು ನಮ್ಮನ್ನು ಮರಳಿ ತಮ್ಮವರು ಅಂತ ಒಪ್ಪಿಕೊಳ್ಳುತ್ತಿದ್ದಾರೆ ಅನ್ನುವ ಹಿಗ್ಗು ಅಪ್ಪಯ್ಯನಿಗೆ. ಶ್ರಾವಣದಲ್ಲಿ ಒಪ್ಪವೀಳ್ಯ ಅಂತ ತೀರ್ಮಾನವಾಯಿತು. ಎರಡೂ ಕಡೆಯವರು ಹಿರಿಯರ ಎದುರು ವೀಳ್ಯ ಬದಲಾಯಿಸಿಕೊಂಡರೆ ಆಯಿತು, ಆ ಮೇಲೆ ಹಿಂದೆ ಸರಿಯುವಂತಿಲ್ಲ.

ನಾನು ಮೊದಲು ಅವ್ವನಿಗೆ ಹೇಳಿದೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೈ ಉಜ್ಜಿಕೊಳ್ಳುತ್ತಾ, "ಅವ್ವಾ, ನಂಗೆ ಈ ಮದ್ವೆ ಬ್ಯಾಡ" ಅಂದೆ.

"ಎಲ್ಲಾ ಹೆಣ್ಮಕ್ಳೂ ಹಂಗೇ ಅಂತಾರೆ. ಹೋಗು, ಒಲೆ ನೋಡು."

"ಈ ಗಂಡು ಮಾತ್ರ ಅಲ್ಲವ್ವ, ಯಾವ ಗಂಡೂ ಬ್ಯಾಡ. ನಂಗೆ ಪೂವಿ ಮೇಲೆ ಮನಸೈತೆ. ನಿಂಗೆ ಅಪ್ಪಯ್ಯನ ಮೇಲೆ ಇದ್ದಂಗೆ. ಅವಳ ಜೊತೇಲಿ ಬಾಳುವೆ ಮಾಡ್ತೀನಿ."

ಅವ್ವ ಕೈಯಲ್ಲಿದ್ದ ಹುಣಸೆಹಣ್ಣು ಕೆಳಗಿಟ್ಟಳು. ಅವಳಿಗೆ ಅರ್ಥವಾಗಲಿಲ್ಲವೆಂದು ಹೇಳಲಾರೆ. ಪೂರ್ತಿ ಅರ್ಥವಾಗಿತ್ತು, ಅದೂ ತಡವಿಲ್ಲದೆ. ಮುಖವೆಲ್ಲ ಬಿಳಿಚಿಕೊಂಡಿತು. "ಆ ತುತ್ತು ತಿನ್ಸೋದು ನೋಡ್ದಾಗ್ಲೇ ಅನ್ಕಂಡೆ" ಅಂದಳು. ಆಮೇಲೆ ನನ್ನ ಎರಡೂ ರಟ್ಟೆ ಹಿಡಿದು, "ನಿನ್ ಕಾಲಿಗೆ ಬೀಳ್ತೀನಿ ಕಣೆ, ಇದನ್ನ ಬಾಯಿ ಬಿಡಬ್ಯಾಡ. ಮನಸ್ಸಲ್ಲೇ ಇಟ್ಕ. ಮದ್ವೆ ಆಗು, ಎಲ್ಲಾ ಮರ್ತು ಹೋಯ್ತದೆ. ನಾವು ಬಂದೋರು" ಅಂದಳು.

"ನಾನು ಬಂದೋಳಲ್ಲವ್ವ, ಇಲ್ಲೇ ಬೆಳ್ದೋಳು" ಅಂದೆ. ಅವ್ವ ಅಳುತ್ತಾ ಒಳಗೆ ಹೋದಳು. ಅಪ್ಪಯ್ಯನಿಗೆ ಮಾತ್ರ ಹೇಳಲಿಲ್ಲ. ನಾನು ಮರೆಯುತ್ತೇನೆ ಅಂತಲೇ ನಂಬಿದ್ದಳು.

ಮಾರನೇ ದಿನ ಪೂವಿಗೆ ಎಲ್ಲ ಹೇಳಿದೆ. ಅವಳು ದಾರ ಕಚ್ಚಿ ಹರಿದು, "ನಿಂಗೆ ಧೈರ್ಯ ಇಲ್ಲೆ ಅಂದ್ರೆ ನಾನೇ ಬಂದು ನಿಮ್ಮಪ್ಪಂಗೆ ಹೇಳ್ತೀನಿ" ಅಂದಳು. ಧೈರ್ಯ ಇಲ್ಲ ಅಂದರೆ ನನಗೆ ಮೈ ಉರಿಯುತ್ತದೆ ಅಂತ ಅವಳಿಗೆ ಗೊತ್ತಿತ್ತು.

ಒಪ್ಪವೀಳ್ಯದ ದಿನ ಬೆಳಿಗ್ಗೆ ಗಂಡಿನ ಕಡೆಯವರು ಎರಡು ಗಾಡಿಯಲ್ಲಿ ಬಂದರು. ನಡುಮನೆ ತುಂಬಿತು. ನಮ್ಮಲ್ಲಿ ಹಿರಿಯರಾದ ಚಿಕ್ಕಣ್ಣಜ್ಜ ತಟ್ಟೆಯಲ್ಲಿ ವೀಳ್ಯ ಜೋಡಿಸಿಕೊಂಡು ಮಧ್ಯದಲ್ಲಿ ಕೂತರು. ನಾನು ಹಸಿರು ಸೀರೆ ಉಟ್ಟು ಒಳಕೋಣೆಯ ಬಾಗಿಲ ಹಿಂದೆ ನಿಂತಿದ್ದೆ. ಅವ್ವ ನನ್ನ ಸೆರಗಿನ ತುದಿ ಹಿಡಿದುಕೊಂಡೇ ಇದ್ದಳು, ದನ ಕಟ್ಟಿದ ಹಗ್ಗ ಹಿಡಿದ ಹಾಗೆ.

ವೀಳ್ಯ ಕೊಡುವ ಮೊದಲು ಹಿರಿಯರು ಮೂರು ಸಲ ಗಟ್ಟಿಯಾಗಿ ಕೇಳಬೇಕು, ಯಾರದಾದರೂ ಮಾತಿದೆಯೇ ಅಂತ. ಯಾರೂ ಮಾತಾಡುವುದಿಲ್ಲ, ಅದು ಬರೀ ಶಾಸ್ತ್ರ. ಆದರೆ ಮಾತು ಬಂದರೆ ವೀಳ್ಯ ನಿಲ್ಲಬೇಕು ಅಂತಲೂ ಶಾಸ್ತ್ರವಿದೆ. ಚಿಕ್ಕಣ್ಣಜ್ಜ ಗಂಟಲು ಸರಿ ಮಾಡಿಕೊಂಡಾಗ ಗಂಡಿನ ತಂದೆ ನಕ್ಕರು. "ಅಯ್ಯೋ, ಇದನ್ನ ನಾವು ಬಿಟ್ಟು ಎಷ್ಟು ವರ್ಷ ಆಯ್ತು! ಕೊಟ್ಬಿಡಿ ಅಜ್ಜ, ಹೊತ್ತಾಯ್ತು."

ಅಪ್ಪಯ್ಯ ಎದೆ ಸೆಟೆದು ಹೇಳಿದರು, "ನೀವು ಬಿಟ್ಟಿರಬೋದು. ನಾವು ಬಿಟ್ಟಿಲ್ಲ. ಕೇಳಿ ಅಜ್ಜ, ಕ್ರಮವಾಗಿ ಆಗ್ಲಿ."

ನನ್ನಪ್ಪನಿಗೆ ನಾನು ಇದೊಂದಕ್ಕೆ ಋಣಿ. ಅವರು ಅವತ್ತು ಹಟ ಹಿಡಿಯದಿದ್ದರೆ ನನ್ನ ಗತಿ ಬೇರೆಯೇ ಆಗುತ್ತಿತ್ತು.

"ಈ ವೀಳ್ಯಕ್ಕೆ ಯಾರದಾದ್ರೂ ಮಾತೈತಾ?" ಅಂದರು ಚಿಕ್ಕಣ್ಣಜ್ಜ. ಎರಡನೇ ಸಲ ಕೇಳಿದರು. ಅವ್ವ ಸೆರಗು ಇನ್ನೂ ಬಿಗಿಯಾಗಿ ಹಿಡಿದಳು. ಮೂರನೇ ಸಲ ಕೇಳಿ ತಟ್ಟೆಗೆ ಕೈ ಹಾಕಿದರು.

"ಐತೆ" ಅಂದೆ.

"ಯಾರದು?"

"ಹೆಣ್ಣಿಂದು." ಸೆರಗು ಎಳೆದುಕೊಂಡು ಹೊರಗೆ ಬಂದೆ. "ನಂಗೆ ಒಪ್ಪಿಗೆ ಇಲ್ಲ ಅಜ್ಜ."

ಮೊದಲು ಬಾಯಿ ಬಿಟ್ಟವಳು ಗಂಡಿನ ತಾಯಿ. "ನೋಡಿದ್ರಾ, ಹುಡುಗಿಗೆ ಯಾವನೋ ಇದ್ದಾನೆ. ಅದ್ಕೇ ಇಷ್ಟು ಅರ್ಜೆಂಟು ಮಾಡವ್ರೆ!"

ಅಪ್ಪಯ್ಯನ ಮುಖ ಕಪ್ಪಿಟ್ಟಿತು. ಆ ಮಾತನ್ನು ಹಾಗೇ ಬಿಟ್ಟಿದ್ದರೆ ಆಗುತ್ತಿತ್ತು, ಸಂಬಂಧ ಹೇಗೂ ಮುರಿದಿತ್ತು. ಆದರೆ ಸುಳ್ಳಿನ ಮರೆಯಲ್ಲಿ ನಿಲ್ಲುವುದು ನನ್ನಿಂದ ಆಗಲಿಲ್ಲ.

"ಯಾವನೂ ಇಲ್ಲಮ್ಮ" ಅಂದೆ. "ಇರೋಳು ಹೆಣ್ಣು. ವಾಚ್ರು ಮನೆ ಪೂವಮ್ಮ. ಗಂಡ ಹೆಂಡ್ತಿ ಹೆಂಗೋ ನಾವಿಬ್ರೂ ಹಂಗೆ. ನಿಮ್ಮ ಮಗನ ಮೇಲೆ ನಂಗೆ ಏನೂ ಕೋಪ ಇಲ್ಲ. ಅವನಿಗೆ ಅನ್ಯಾಯ ಮಾಡೋದು ಬ್ಯಾಡ ಅಂತ ಈಗ್ಲೇ ಹೇಳ್ತಿದೀನಿ."

ಅಣ್ಣ ಎದ್ದು ಬಂದು ಕೆನ್ನೆಗೆ ಹೊಡೆದ. ಕಿವಿ ಗುಂಯ್ ಅಂದಿತು. ಅಪ್ಪಯ್ಯ ಹೊಡೆಯಲಿಲ್ಲ. ಕೂತಲ್ಲೇ, ಯಾರನ್ನೂ ನೋಡದೆ, "ಇವಳಿಗೆ ಎಳ್ಳುನೀರು ಬಿಟ್ಟೆ. ಇವಳು ನನ್ನ ಪಾಲಿಗೆ ಸತ್ತಂಗೆ" ಅಂದರು.

"ನಿಮ್ಮಪ್ಪನೂ ನಿಮಗೆ ಹಿಂಗೇ ಅಂದಿದ್ರಂತಲ್ಲ ಅಪ್ಪಯ್ಯ" ಅಂದೆ. "ನೀವು ಮನಸಿಗೆ ಬಂದ ಕಡೆ ಗಾಡಿ ಹೊಡೀಲಿಲ್ವಾ? ನಾನೂ ನಿಮ್ಮ ಮಗಳೇ."

ಅವ್ವ ಗೋಡೆಗೆ ಒರಗಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಚಿಕ್ಕಣ್ಣಜ್ಜ ತಟ್ಟೆ ಪಕ್ಕಕ್ಕೆ ಸರಿಸಿ, "ಮಾತು ಬಂತು. ವೀಳ್ಯ ನಿಂತೋಯ್ತು" ಅಂತ ಹೇಳಿ ಎದ್ದರು. ಅವರಿಗೆ ನನ್ನ ಮಾತು ಹಿಡಿಸಿತ್ತು ಅಂತ ನಾನೇನೂ ಅಂದುಕೊಂಡಿಲ್ಲ. ಕ್ರಮ ಅಂದರೆ ಕ್ರಮ ಅನ್ನುವ ಮನುಷ್ಯ ಅವರು.

ಎರಡು ಸೀರೆ, ಒಂದು ಬಾಚಣಿಗೆ ಗಂಟು ಕಟ್ಟಿಕೊಂಡು ಹೊರಟೆ. ಹಿತ್ತಲಿನಿಂದ ಬದು ಹಿಡಿದು ಹೋಗಬಹುದಿತ್ತು. ಹೋಗಲಿಲ್ಲ. ಹಾಡುಹಗಲಿನಲ್ಲಿ ಊರ ನಡುವಿನ ದಾರಿಯಲ್ಲೇ ಆ ಹಸಿರು ಸೀರೆ ಉಟ್ಟುಕೊಂಡೇ ನಡೆದೆ. ಜಗಲಿ ಜಗಲಿಯಲ್ಲೂ ಜನ. ಯಾರೋ "ಥೂ" ಅಂದರು. ತಿರುಗಿ, "ಉಗುಳಿದ್ದು ನಿಮ್ಮ ಜಗಲಿ ಮೇಲೇ ಬಿತ್ತು, ಒರೆಸಿಕೊಳ್ಳಿ" ಅಂದೆ. ಆಗಲೇ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಳು ಬಂದಿದ್ದು ನಿಜ, ಅದನ್ನು ಮುಚ್ಚಿಡುವುದೇನು.

ಪೂವಿ ಬಾಗಿಲಲ್ಲೇ ನಿಂತಿದ್ದಳು. ಕೆನ್ನೆ ನೋಡಿದಳು, ಗಂಟು ನೋಡಿದಳು. "ಅಕ್ಕಿ ಉಟ್ಟು, ಜಾಗ ಉಟ್ಟು. ಒಳಗೆ ಬಾ" ಅಂದಳು.

ಆಮೇಲಿನ ದಿನಗಳು ಕಷ್ಟದವು. ಬಾವಿಯ ಹತ್ತಿರ ನಾನು ಹೋದರೆ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿಯುತ್ತಿದ್ದರು. ನಮ್ಮ ಜೋಡಿಯನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಪೂವಿಯ ಒಂದೆಕರೆಯಲ್ಲಿ ರಾಗಿ ಎದ್ದಿತ್ತು, ಕಳೆ ಕೀಳಲು ನಾವಿಬ್ಬರೇ. ಒಂದು ದಿನ ಸಾಲಿನ ಮಧ್ಯೆ ಕೂತು ನನಗೆ ಅವ್ವನ ನೆನಪಾಗಿ ಬಿಕ್ಕಿ ಬಿಕ್ಕಿ ಅತ್ತೆ. ಪೂವಿ, "ವಾಪಸ್ ಹೋಗ್ತೀಯಾ?" ಅಂತ ಕೇಳಿದಳು. "ಅತ್ತ ಮಾತ್ರಕ್ಕೆ ಹೋಗ್ತಾರೇನೇ? ಸುಮ್ನೆ ಕಳೆ ಕೀಳು" ಅಂತ ರೇಗಿದೆ. ಅವಳು ನಕ್ಕಳು, ನನಗೂ ನಗು ಬಂತು.

ಇಲ್ಲಿ ಮುಯ್ಯಿಯ ವಿಷಯ ಹೇಳಬೇಕು. ನಮ್ಮ ಕಡೆಯಿಂದ ಬಂದವರು ಹೊಲದ ದೊಡ್ಡ ಕೆಲಸಗಳನ್ನು ಮುಯ್ಯಾಳಿನಲ್ಲಿ ಮಾಡುತ್ತಿದ್ದರು. ಇವತ್ತು ನಿಮ್ಮ ಮನೆಯಿಂದ ಎರಡಾಳು ನಮಗೆ ಬಂದರೆ, ನಾಳೆ ನಮ್ಮ ಮನೆಯಿಂದ ಎರಡಾಳು ನಿಮಗೆ. ಕೂಲಿಯವರನ್ನು ಆಳಾಗಿ ಕರೆಯುತ್ತಾರೆ, ಮುಯ್ಯಿಗೆ ಮನೆಯನ್ನೇ ಕರೆಯಬೇಕು. ಯಜಮಾನ ತಾನೇ ಹೋಗಿ ಅಂಗಳದಲ್ಲಿ ನಿಂತು 'ಮನೆಯೋರೇ' ಅಂತ ಕೂಗಬೇಕು. ಕೂಲಿಯವರಿಗೆ ಊಟ ಜಗಲಿಯಲ್ಲಿ. ಮುಯ್ಯಿಯವರಿಗೆ ನಡುಮನೆಯಲ್ಲಿ, ಮನೆಯವರ ಪಂಕ್ತಿಯಲ್ಲೇ. ಒಂಟಿ ಹೆಣ್ಣಿನ ಮನೆಯನ್ನು ಯಾರೂ ಮನೆ ಅಂತ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಹಾಗಾಗಿ ಅಪ್ಪ ತೀರಿದ ಮೇಲೆ ಪೂವಿ ಎಲ್ಲ ಕಡೆಯೂ ಕೂಲಿಯವಳೇ.

ಭಾದ್ರಪದದಲ್ಲಿ ಮಳೆ ಹಿಡಿದುಕೊಂಡಿತು. ಅಪ್ಪಯ್ಯನ ಹೊಲದಲ್ಲಿ ಸೊಪ್ಪು ಒಟ್ಟಿಗೇ ಹಣ್ಣಾಗಿ ಹಳದಿಗೆ ತಿರುಗಿತು. ನಮ್ಮ ಜಾಗದಲ್ಲಿ ಕೂತ ಹೊಸ ಜೋಡಿ ಕಟ್ಟಿದ ಗಂಟು ಬಿಸಿಗೆ ಸಡಿಲಾಗಿ, ಎಲೆ ಕೊಳವೆಯ ಮೇಲೆ ಬಿದ್ದು ಹೊಗೆಯಾಡಿತ್ತು. ಅಣ್ಣ ಒಳಗೆ ನುಗ್ಗಿ ನೀರು ಚೆಲ್ಲದಿದ್ದರೆ ಬ್ಯಾರನ್ ಸುಟ್ಟು ಹೋಗುತ್ತಿತ್ತಂತೆ. ಆ ಸಲದ ಸೊಪ್ಪೆಲ್ಲ ಕಲೆ ಬಿದ್ದು ಹಾಳಾಯಿತು. ಮುರಿದ ಎಲೆ ಕಾಯುವುದಿಲ್ಲ, ಗಿಡದಲ್ಲಿ ಹಣ್ಣಾದದ್ದೂ ಕಾಯುವುದಿಲ್ಲ.

ಅಣ್ಣ ಬಂದ. ಅಂಗಳದ ಆಚೆಯೇ ನಿಂತು, "ನಾಳೆಯಿಂದ ಸೊಪ್ಪು ಕಟ್ಟಕ್ಕೆ ಬರ್ಬೇಕಂತೆ. ಕೂಲಿ ಜಾಸ್ತಿನೇ ಕೊಡ್ತಾರಂತೆ ಅಪ್ಪಯ್ಯ" ಅಂದ.

"ಸತ್ತೋರು ಸೊಪ್ಪು ಕಟ್ತಾರೇನೋ?" ಅಂದೆ.

"ಈಗ ಅದೆಲ್ಲಾ ಯಾಕೆ..."

"ನಿನ್ನ ಕೈ ನನ್ನ ಕೆನ್ನೆ ಮೇಲೆ ಬಿದ್ದಿದ್ದು ನಾನಿನ್ನೂ ಮರ್ತಿಲ್ಲ ಅಣ್ಣ. ಕೂಲಿಗೆ ಬರಲ್ಲ ಅಂತ ಹೇಳು."

"ಮತ್ತೆ?"

"ಮುಯ್ಯಿಗೆ ಬತ್ತೀವಿ."

"ಮುಯ್ಯಿ ಅಂದ್ರೆ ಮನೆಗೂ ಮನೆಗೂ ಅಲ್ವೇನೇ!"

"ಹೂಂ. ಇದು ಮನೆ ಅಲ್ಲದೆ ಕೊಟ್ಟಿಗೆ ಅನ್ಕಂಡ್ಯಾ? ಅಪ್ಪಯ್ಯನೇ ಬಂದು ಕರೀಲಿ, ಕ್ರಮವಾಗಿ. ಕ್ರಮ ಬಿಡಲ್ಲ ಅಲ್ವಾ ನೀವು?"

ಅವನು ಹೋದ ಮೇಲೆ ಪೂವಿ ಹಣೆ ಚಚ್ಚಿಕೊಂಡಳು. "ಬರೋದಿಲ್ಲೆ ಅವ್ರು. ಮನೇಲಿ ನಾಲ್ಕು ದಿನಕ್ಕೆ ಅಕ್ಕಿ ಉಟ್ಟು ಅಷ್ಟೇ, ನೀನು ಕೂಲಿ ಬೇಡ ಅಂತೀಯ." ಅವಳು ಹೇಳಿದ್ದು ಸರಿಯೇ. ಆದರೆ ಆ ಮನೆಯ ಜಗಲಿಯ ಮೇಲೆ ಕೂಲಿಯವಳಾಗಿ ಕೂತು ಉಣ್ಣುವುದಕ್ಕಿಂತ ಉಪವಾಸವೇ ವಾಸಿ ಅಂತ ಹಟ ಹಿಡಿದೆ. ಎರಡು ದಿನ ಯಾರೂ ಬರಲಿಲ್ಲ. ನನ್ನ ಹಟಕ್ಕೆ ನಾನೇ ಒಳಗೊಳಗೆ ಬೈದುಕೊಂಡೆ, ಆದರೆ ಪೂವಿಯ ಎದುರು ತೋರಿಸಿಕೊಳ್ಳಲಿಲ್ಲ.

ಮೂರನೇ ದಿನ ಬೆಳಿಗ್ಗೆ ಜಿನುಗು ಮಳೆಯಲ್ಲಿ ಅಪ್ಪಯ್ಯ ಬಂದರು. ಕಂಬಳಿ ಕೊಪ್ಪೆ ಹಾಕಿಕೊಂಡು ಅಂಗಳದ ಮಧ್ಯೆ ನಿಂತರು. ನಾವಿಬ್ಬರೂ ಬಾಗಿಲ ಒಳಗೆ. ಅವರು ನಮ್ಮ ಕಡೆ ನೋಡದೆ, ಹಲಸಿನ ಮರದ ಕಡೆ ಮುಖ ಮಾಡಿ ನಿಂತೇ ಇದ್ದರು. ಎದುರು ಮನೆಯ ಜಗಲಿಗೆ ಜನ ಬಂದರು. ಅಪ್ಪಯ್ಯ ತಿರುಗಿ ಹೋಗುತ್ತಾರೆ ಅಂದುಕೊಂಡೆ. ಓಡಿಹೋಗಿ, ಆಯಿತು ಕೂಲಿಗೇ ಬರುತ್ತೇವೆ ಅನ್ನಬೇಕು ಅಂತ ಗಂಟಲವರೆಗೂ ಬಂತು. ಪೂವಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಅಪ್ಪಯ್ಯ ಕೆಮ್ಮಿದರು. ಆಮೇಲೆ, ಇಡೀ ಊರಿಗೆ ಕೇಳುವ ಹಾಗೆ ಕೂಗಿದರು. "ವಾಚ್ರು ಮನೆಯೋರೇ! ನಾಳೆ ನಮ್ಮನೇಲಿ ಸೊಪ್ಪು ಕಟ್ಟೋ ಮುಯ್ಯಿ. ನಿಮ್ಮನೆಯಿಂದ ಎರಡಾಳು."

ಕರೆದವರಿಗೆ ಹೊಸ್ತಿಲ ಹೊರಗೆ ಬಂದು ಉತ್ತರ ಹೇಳಬೇಕು. ಬಂದೆ. "ಆಗ್ಲಿ, ಬತ್ತೀವಿ. ನಮ್ಮನೆ ರಾಗಿ ಕುಯ್ಲಿಗೆ ನಿಮ್ಮನೆಯಿಂದ ಎರಡಾಳು."

"ಹೂಂ" ಅಂದು ಅವರು ಹೊರಟು ಹೋದರು.

ಮಾರನೇ ದಿನ ಮಧ್ಯಾಹ್ನದವರೆಗೆ ನಾವು ತಲೆ ಎತ್ತದೆ ಕಟ್ಟಿದೆವು. ಊಟಕ್ಕೆ ನಡುಮನೆಯಲ್ಲಿ ಎಲೆ ಹಾಕಿದ್ದರು, ವೀಳ್ಯ ನಿಂತ ಅದೇ ನಡುಮನೆ. ಅಪ್ಪಯ್ಯ, ಅಣ್ಣ, ಪಕ್ಕದಲ್ಲಿ ನಾವು. ನನ್ನ ಕೈ ಎಂದಿನ ಹಾಗೆ ಕಪ್ಪು ಅಂಟು. ಪೂವಿ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆದೆ. ಅವಳು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ತುತ್ತು ಇಟ್ಟಳು. ಅಣ್ಣ ಉಣ್ಣುವುದನ್ನು ನಿಲ್ಲಿಸಿದ. ಅಪ್ಪಯ್ಯ ತಮ್ಮ ಎಲೆಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಬಡಿಸುತ್ತಿದ್ದ ಅವ್ವ ನಮ್ಮ ಎದುರಿಗೆ ಬಂದು ನಿಂತಳು. ಪೂವಿಯ ಎಲೆಗೆ ಇನ್ನೊಂದು ಮುದ್ದೆ ಇಟ್ಟು, "ಇಬ್ರಿಗೆ ಒಂದು ಸಾಲ್ದು" ಅಂದಳು.

ಮಾರ್ಗಶಿರದಲ್ಲಿ ನಮ್ಮ ರಾಗಿ ಕುಯ್ಲು. ಅಣ್ಣನನ್ನೂ ಒಬ್ಬ ಆಳನ್ನೂ ಕಳಿಸುತ್ತಾರೆ ಅಂದುಕೊಂಡಿದ್ದೆ. ಮಂಜು ಬಿಡುವ ಹೊತ್ತಿಗೆ ಬದುವಿನ ಮೇಲೆ ಕುಡುಗೋಲು ಹಿಡಿದು ಬಂದವರು ಅಪ್ಪಯ್ಯ ಮತ್ತು ಅವ್ವ. ಅಪ್ಪಯ್ಯ ನನ್ನ ಪಕ್ಕದ ಸಾಲು ಹಿಡಿದರು. ಊಟಕ್ಕೆ ನಮ್ಮ ಹುಲ್ಲಿನ ಮನೆಯ ಒಳಗೇ ಕೂತರು. ಮೊದಲ ತುತ್ತು ಬಾಯಿಗಿಟ್ಟು, "ಸಾರಿಗೆ ಉಪ್ಪು ಕಮ್ಮಿ" ಅಂದರು. "ಪಕ್ಕದಲ್ಲೇ ಉಟ್ಟು, ಹಾಕ್ಕೊಳಿ" ಅಂದಳು ಪೂವಿ. ಅವರು ಹಾಕಿಕೊಂಡು ಉಂಡರು.

ಅಪ್ಪಯ್ಯ ನನ್ನನ್ನು ಮಗಳೇ ಅಂತ ಮತ್ತೆ ಕರೆಯಲಿಲ್ಲ. ಅದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸಿದ್ದೇನೆ ಅಂತ ಸುಳ್ಳೂ ಹೇಳುವುದಿಲ್ಲ. ಆದರೆ ಬದುಕಿದ್ದಷ್ಟು ವರ್ಷ, ಪ್ರತಿ ಸೊಪ್ಪಿನ ಕಾಲದಲ್ಲೂ ಆ ಅಂಗಳದಲ್ಲಿ ನಿಂತು ಮನೆಯವರೇ ಅಂತ ಕೂಗಿದರು. ಅವರು ಕೂಗಿದ ಮೇಲೆ ಊರಿನ ಬೇರೆ ಮನೆಗಳವರೂ ಒಬ್ಬೊಬ್ಬರಾಗಿ ಕೂಗಿದರು. ಪೂವಿ ಮತ್ತು ನಾನು ಆ ಮನೆಯಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ಬಾಳಿದೆವು. ಅವಳು ಹೋಗಿ ಮೂರು ವರ್ಷವಾಯಿತು. ಅಣ್ಣನ ಮಗ ನನ್ನನ್ನು ಕುಶಾಲನಗರಕ್ಕೆ ಕರೆದುಕೊಂಡು ಹೋಗಿ ಇಟ್ಟುಕೊಂಡಿದ್ದಾನೆ.

ಬಸ್ಸು ಇಳಿದು ವಾಸನೆ ಹಿಡಿದು ಹೋದೆನಲ್ಲ, ಅಲ್ಲಿ ಬ್ಯಾರನ್ನಿನ ಮುಂದೆ ಶೀಟಿನ ನೆರಳಲ್ಲಿ ಹೆಂಗಸರು ಸೊಪ್ಪು ಕಟ್ಟುತ್ತಿದ್ದರು. ಒಬ್ಬ ಹುಡುಗಿಗೆ ಜೋಡಿ ಇರಲಿಲ್ಲ, ತಾನೇ ಎಲೆ ಆರಿಸಿ ತಾನೇ ಕಟ್ಟುತ್ತಾ ಒದ್ದಾಡುತ್ತಿದ್ದಳು. ಕೋಲು ಪಕ್ಕಕ್ಕಿಟ್ಟು, ಗೃಹಪ್ರವೇಶದ ರೇಷ್ಮೆ ಸೀರೆಯಲ್ಲೇ ಅವಳ ಎದುರು ಕೂತು ಮೂರು ಮೂರು ಎಲೆ ಸಮ ಮಾಡಿ ಕೊಡತೊಡಗಿದೆ. ಕೈ ಮರೆತಿರಲಿಲ್ಲ. ಹೊಲದ ಯಜಮಾನ, ಮೂವತ್ತರ ಆಸುಪಾಸಿನ ಹುಡುಗ, ಓಡಿ ಬಂದು ನಕ್ಕ. "ಏನಜ್ಜಿ, ಕೈ ಇಷ್ಟು ಸ್ಪೀಡು! ಎಷ್ಟು ಕೂಲಿ ಕೊಡ್ಲಿ?"

"ಕೂಲಿಗೆ ಬಂದೋಳಲ್ಲ ಕಣಪ್ಪ" ಅಂದೆ. "ವಾಚ್ರು ಮನೆಯಿಂದ ಮುಯ್ಯಿಗೆ ಬಂದಿದೀನಿ. ಒಂದಾಳು ಕಮ್ಮಿ ಐತೆ, ಅಷ್ಟೇ."